ಸೊಸೆಯ ಕಾಲ್ಗುಣವೂ ಗೋಬರ್ ಗ್ಯಾಸೂ

ಹಾಲು ಉಕ್ಕಲೇ ಇಲ್ಲ.

ಮಮದಾಪುರದ ನಮ್ಮ ಕಾಕಾನ ಮನೆಗೆ ಹೊಸ ಸೊಸೆ ಬಂದಿದ್ದಳು. ಹೆಸರು ಅಕ್ಷತಾ, ಹುಕ್ಕೇರಿ ತಾಲೂಕಿನ ಹುಡುಗಿ. ಸೊಸೆ ಮೊದಲ ಸಲ ಒಲೆ ಹಚ್ಚಿದಾಗ ಹಾಲು ಉಕ್ಕಿಸಬೇಕು ಎನ್ನುವುದು ಆ ಮನೆಯ ಪದ್ಧತಿ. ಓಣಿಯ ಹೆಂಗಸರೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಗೋಕಾಕದಿಂದ ಹೋದ ನಾನೂ ಇದ್ದೆ. ಅಕ್ಷತಾ ಒಲೆ ಹಚ್ಚಿ ಹಾಲಿಟ್ಟಳು. ಉರಿ ಸಣ್ಣಗಾಯಿತು. ಒಮ್ಮೆ ನೀಲಿಯಾಗಿ ಕುಣಿದು ಆರಿಹೋಯಿತು. ಹಾಲು ಉಗುರುಬೆಚ್ಚಗೆ ಕುಳಿತುಬಿಟ್ಟಿತು.

(ಸಿಲಿಂಡರ್ ಇರಲಿಲ್ಲವೇ ಎನ್ನುತ್ತೀರಾ? ಇತ್ತು. ಆದರೆ ಕಾಕಾನ ಹೆಂಡತಿ, ನಮ್ಮ ಕಾಕುಗೆ, ಗೋಬರ್ ಗ್ಯಾಸ್ ಎಂದರೆ ಪ್ರಾಣ. ಸ್ವಂತ ಎಮ್ಮೆ, ಸ್ವಂತ ಸಗಣಿ, ಸ್ವಂತ ಉರಿ. ಶುಭಕಾರ್ಯಕ್ಕೆ ಕೊಂಡು ತಂದ ಗ್ಯಾಸ್ ಹಚ್ಚುವವರ ಪೈಕಿ ಅವಳಲ್ಲ.)

ಮರುದಿನವೂ ಒಲೆ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಓಣಿಯಲ್ಲಿ ಪಿಸುಮಾತು ಎದ್ದಿತು. "ಇಷ್ಟ ವರ್ಷ ಉರದ ಗ್ಯಾಸ್, ಈಕಿ ಕಾಲಿಟ್ಟ ಕೂಡ್ಲೆ ನಿಂತೈತಿ ನೋಡ್ರಿ."

ಕಾಕು ಹಾಗೆ ಬಾಯಿಬಿಟ್ಟು ಅನ್ನಲಿಲ್ಲ. ಸೊಸೆಗೆ ಇಷ್ಟೇ ಹೇಳಿದಳು: "ದೇವರ ಮುಂದ ದೀಪಾ ನಾ ಹಚ್ಚತೇನಿ. ನೀ ಬ್ಯಾಡ."

ಇದಕ್ಕಿಂತ ಇನ್ನೇನು ಅನ್ನಬೇಕು? ಒಂದು ಹುಡುಗಿ ಆ ಮನೆಯಲ್ಲಿ ಆಯುಷ್ಯವಿಡೀ ತಲೆ ಎತ್ತಿಕೊಂಡು ಇರುತ್ತಾಳೋ, ತಗ್ಗಿಸಿಕೊಂಡು ಇರುತ್ತಾಳೋ ಎನ್ನುವುದನ್ನು ಒಂದು ಒಲೆ ತೀರ್ಮಾನಿಸುವುದೇ? ನನಗೆ ಸಿಟ್ಟು ನೆತ್ತಿಗೇರಿತು. ನೇರ ಹಿತ್ತಲಿಗೆ ಹೋದೆ.

ಸಗಣಿ ಕಲಸಿ ಗ್ಯಾಸಿನ ಗುಂಡಿಗೆ ಬಿಡುವ ತೊಟ್ಟಿ ಸಗಣಿ ನಾರಬೇಕು ತಾನೇ? ಅಲ್ಲಿ ಆಸ್ಪತ್ರೆಯ ವಾರ್ಡಿನ ವಾಸನೆ. ಅಕ್ಷತಾ ಪಕ್ಕದಲ್ಲೇ ಪಾತ್ರೆ ತಿಕ್ಕುತ್ತಿದ್ದಳು.

"ಇಲ್ಲಿ ಫಿನೈಲ್ ಯಾರ ಸುರದಾರ?" ಎಂದೆ.

ಅವಳು ದನಿ ತಗ್ಗಿಸಿದಳು. "ಅತ್ತಿಯವರರಿ ಅಕ್ಕಾರ. ಮದುವಿ ಮಂದಿ ಬರತಾರಂತ ದನದ ಮನಿ ಎಲ್ಲಾ ಫಿನೈಲ್ ಹಾಕಿ ತೊಳದಾರಂತ. ಅವರ ನನ್ನ ಮುಂದ ಹೆಮ್ಮಿಲೆ ಹೇಳಿದ್ರು. ಆ ನೀರೆಲ್ಲಾ ಇದರಾಗ ಹೋಗೇತಿ. ನಮ್ಮಪ್ಪ ನಮ್ಮನಿ ಗ್ಯಾಸ್ ಪ್ಲಾಂಟಿಗೆ ಸಾಬೂನ ನೀರೂ ಬಿಡಗೊಡತಿದ್ದಿಲ್ರಿ."

"ಗೊತ್ತಿದ್ದೂ ಸುಮ್ನ ಯಾಕ ಕುಂತಿ?"

"ಹೆಂಗ ಹೇಳಲ್ರಿ? ಬಂದ ವಾರದಾಗ ಅತ್ತಿ ಮ್ಯಾಲ ತಪ್ಪ ಹೊರಸಿದ್ಲು ಅಂತಾರ. ಕಾಲ್ಗುಣ ಕೆಟ್ಟದ್ದಂತೂ ಆತು, ಇನ್ನ ಬಾಯಿನೂ ಕೆಟ್ಟೈತಿ ಅನ್ನಿಸ್ಕೋಬೇಕೇನ್ರಿ?"

ಈಗ ಸ್ವಲ್ಪ ವಿಜ್ಞಾನ. ಓಡಿಹೋಗಬೇಡಿ, ಬೇಗ ಮುಗಿಸುತ್ತೇನೆ.

ಆ ಮುಚ್ಚಿದ ಗುಂಡಿಯೊಳಗೆ ದುಡಿಯುವುದು ಗಾಳಿ ಬೇಡದ ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ದೊಡ್ಡ ಮನೆತನ ಕ್ಲಾಸ್ಟ್ರಿಡಿಯಂಗಳದು. (ಅವರಲ್ಲೂ ಪಾಲಾಗಿದೆ. ವಿಜ್ಞಾನಿಗಳು ಕೆಲವರನ್ನು ಬೇರೆ ಮನೆತನಕ್ಕೆ ಸೇರಿಸಿದ್ದಾರೆ. ನಾವು ದಾಯಾದಿಗಳನ್ನೆಲ್ಲ ಒಟ್ಟಿಗೇ ಕೂರಿಸೋಣ.) ಎಮ್ಮೆಯ ಹೊಟ್ಟೆಯಲ್ಲಿ ಮೇವಿನ ನಾರು ಒಡೆಯುವ ಕೆಲಸದಲ್ಲಿ ಇವರ ಕೈಯಿದೆ. ಸಗಣಿಯ ಜೊತೆ ಹೊರಬಿದ್ದವರು ಗುಂಡಿಯಲ್ಲೂ ಅದೇ ಕೆಲಸ ಮುಂದುವರಿಸುತ್ತಾರೆ. ಇವರು ಒಡೆದು ಕೊಟ್ಟದ್ದನ್ನು ತಿಂದು ಉರಿಯುವ ಮೀಥೇನ್ ಮಾಡುವ ಜೀವಿಗಳು ಬೇರೆ. ಇವರು ಕೈ ಚೆಲ್ಲಿದರೆ ಅವರಿಗೂ ಉಪವಾಸ. ಕೆರೆಯ ಕೆಸರಿನಲ್ಲಿ ಇದೇ ಬಳಗ. ನಿಮ್ಮ ನನ್ನ ಕರುಳಿನಲ್ಲೂ ಇದೇ ಬಳಗ, ಜೋಳದ ರೊಟ್ಟಿಯ ನಾರನ್ನು ಹುಳಿಸಿ ಕರುಳಿನ ಗೋಡೆಗೆ ಊಟ ಬಡಿಸುತ್ತಾ ಕುಳಿತಿರುತ್ತದೆ.

ಹಾಗಾದರೆ ಎಲ್ಲರೂ ಸಾಧುಗಳೇ? ಅಲ್ಲ. ಮೊಳೆ ಚುಚ್ಚಿದೊಡನೆ ನಾವು ಇಂಜೆಕ್ಷನ್‌ಗೆ ಓಡುವುದು ಯಾರ ಹೆದರಿಕೆಗೆ? ಧನುರ್ವಾಯು ತರುವವನೂ ಈ ಮನೆತನದವನೇ. ಅವನಂಥ ಕೆಲವರ ದೆಸೆಯಿಂದ ಎಲ್ಲರಿಗೂ ಕೆಟ್ಟ ಹೆಸರು. ಕ್ರಿಮಿ ಸಾಯಲಿ ಎಂದು ನಾವು ಬಾಟಲಿ ಬಗ್ಗಿಸುತ್ತೇವೆ. ಯಾವ ಕ್ರಿಮಿ ಎಂದು ಯಾರು ಕೇಳುತ್ತಾರೆ? ಹೋದ ತಿಂಗಳು ಹಲ್ಲುನೋವಿಗೆಂದು ಆಂಟಿಬಯೋಟಿಕ್ ನುಂಗಿ ನನ್ನ ಹೊಟ್ಟೆಯೇ ಸಂಪು ಹೂಡಿತ್ತು. ಹಲ್ಲು ಸರಿಹೋಯಿತು, ಹೊಟ್ಟೆ ಕೆಟ್ಟಿತು. ಆದರೆ ಆಗ ಯಾರೂ ನನ್ನ ಕಾಲು ನೋಡಲಿಲ್ಲ.

ಕಾಕುವಿನ ಮುಂದೆ ಹೋಗಿ ಕುಳಿತೆ. ಸುತ್ತು ಬಳಸಲಿಲ್ಲ.

"ಕಾಕು, ಹೆಪ್ಪ ಹಾಕಿದ ಗಡಗಿಗೆ ಫಿನೈಲ್ ಹಾಕಿದ್ರ ಮೊಸರ ಆಗತೈತೇನ?"

"ಯಾವ ಹುಚ್ಚಿ ಹಾಕತಾಳ?"

"ನೀನ ಹಾಕಿದಿ. ದನದ ಮನಿ ತೊಳದ ನೀರ ಎಲ್ಲಿ ಹೋತು?"

ಕಾಕು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಆಮೇಲೆ, "ಮಂದಿ ಮೂಗ ಮುಚ್ಕೋಬಾರದಂತ ತೊಳದ್ನೆವಾ" ಎಂದಳು. ಪಾಪ, ಅದು ಖರೆ. ಬೀಗರ ಮುಂದೆ ಮಾನ ಹೋಗಬಾರದು ಎಂದೇ ತೊಳೆದಿದ್ದಳು. ನನಗೆ ಅವಳ ಮೇಲೂ ಮರುಕ ಬಂತು. ಆದರೆ ಸೊಸೆಯನ್ನು ಕರೆದು 'ನಂದ ತಪ್ಪಾತು' ಎಂದು ಒಂದು ಮಾತು ಹೇಳಿದಳೇ? ಇಲ್ಲ. ಅತ್ತೆಯಂದಿರ ಬಾಯಲ್ಲಿ ಆ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ.

ಮುಂದಿನ ಕೆಲಸ ಅಕ್ಷತಾ ಕೈಗೆತ್ತಿಕೊಂಡಳು. ತವರಿನಲ್ಲಿ ಕಂಡದ್ದು ಅವಳಿಗೆ ನೆನಪಿತ್ತು. ಗುಂಡಿಯ ಹಳೆಯ ಸಗಣಿ ರಾಡಿಯನ್ನು ಅರ್ಧದಷ್ಟು ತೆಗೆಸಿದಳು. ಹೊಸ ಸಗಣಿ, ಚೊಕ್ಕ ನೀರು. ಅದರ ಮೇಲೆ ಹೆಪ್ಪು ಬೇಕಲ್ಲ? ಹಿಂದಿನ ಓಣಿಯಲ್ಲಿ ಚೆನ್ನಾಗಿ ಉರಿಯುವ ಪ್ಲಾಂಟ್ ಒಂದಿತ್ತು. ಅಲ್ಲಿಂದ ರಾಡಿ ತರಬೇಕು. ಕೈಯ ಬಳೆಗಳ ಹಸಿರು ಇನ್ನೂ ಮಾಸದ ಹುಡುಗಿ, ತಲೆಯ ಮೇಲೆ ಸಿಂಬಿ ಇಟ್ಟು ಬಕೆಟ್ ಹೊತ್ತು ಓಣಿಯ ನಟ್ಟನಡುವೆ ನಡೆದಳು. ಪಿಸುಗುಟ್ಟಿದ ಬಾಯಿಗಳೆಲ್ಲ ಕಟ್ಟೆಯ ಮೇಲೆ ಕುಳಿತು ನೋಡಿದವು. ನನಗೆ ಹೆಮ್ಮೆಯೆನಿಸಿತು, ಮುಚ್ಚಿಡುವುದೇಕೆ?

ಹುಣ್ಣಿಮೆ ಕಳೆದು ಅಮಾವಾಸ್ಯೆಗೆ ಮತ್ತೆ ಹೋದೆ. ಒಲೆ ಉರಿಯುತ್ತಿತ್ತು. ಕಾಕು ಮತ್ತೆ ಓಣಿಯವರನ್ನೆಲ್ಲ ಕರೆದಿದ್ದಳು. ಹಾಲು ಉಕ್ಕಿತು, ಒಲೆಯ ತುಂಬ ಹರಿಯಿತು.

ಫಿನೈಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಕಾಕು ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಅಂದಳು: "ನೋಡ್ರೆವಾ, ನಮ್ಮ ಸೊಸಿ ಕಾಲ್ಗುಣ ಎಷ್ಟ ಛಲೋ ಐತಿ."

ಅಕ್ಷತಾ ಒಲೆ ಒರೆಸುತ್ತಲೇ ಹೇಳಿದಳು: "ಕಾಲ ಏನೂ ಮಾಡಿಲ್ರಿ ಅತ್ತಿ, ಸಗಣಿ ಹೊತ್ತದ್ದು ತಲಿ."