ಇಪ್ಪತ್ತು ಯಂತ್ರ, ಒಂದು ಕತ್ತರಿ

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಅವಳನ್ನು ಎಲ್ಲರೂ ‘ಲ್ಯಾಬ್ ಅಕ್ಕ’ ಎನ್ನುತ್ತಾರೆ. ಗುಡಿಸುವವರು ಬರದ ದಿನ ಪೊರಕೆಯೂ ಅವಳ ಕೈಗೇ ಬರುತ್ತದೆ. ಅಲ್ಲಿನ ಗಂಡಸರಿಗೆ ಅದು ಯಾಕೋ ಎಟುಕುವುದೇ ಇಲ್ಲ.

ಅವತ್ತು ಹತ್ತು ಗಂಟೆಗೆ ಪ್ರಾಕ್ಟಿಕಲ್ ಪರೀಕ್ಷೆ. ಪ್ರೋಗ್ರಾಮ್ ಓಡಿಸಲು ಬೇಕಾದ ಹೊಸ ಕಂಪೈಲರನ್ನು ಇಪ್ಪತ್ತು ಯಂತ್ರಗಳಿಗೂ ಹಾಕಿ, ಅದು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವನ್ನು ಕಮಾಂಡ್ ಕೊಟ್ಟಾಗ ಯಂತ್ರ ಹುಡುಕಿ ನೋಡುವ ‘ಪಾತ್’ ಎಂಬ ಪಟ್ಟಿಗೆ ಸೇರಿಸಿದ್ದಳು. ಎರಡು ದಿನದ ಕೆಲಸ. ಒಂದೊಂದನ್ನೂ ಓಡಿಸಿ ನೋಡಿದ್ದಳು. ಆದರೆ ಒಂಬತ್ತಕ್ಕೆ ವಿದ್ಯಾರ್ಥಿಗಳು ಬಳಸುವ ಪರೀಕ್ಷೆಯ ಖಾತೆಯಿಂದ ಒಳಹೊಕ್ಕರೆ ಒಂದೇ ಸಾಲು: ಅಂಥ ಕಮಾಂಡ್ ಇಲ್ಲ. ಇಪ್ಪತ್ತರಲ್ಲೂ ಅದೇ.

“ಪರೀಕ್ಷೆ ಮುಂದಕ್ಕೆ ಹಾಕ್ಲೇನಮ್ಮಾ? ಯಾಕೆ ಅಂತ ಕೇಳಿದ್ರೆ ನಿಮ್ಮ ಹೆಸರೇ ಹೇಳೋದು,” ಎಂದರು ವಿಭಾಗದ ಮೇಷ್ಟ್ರು. ಅವಳದು ವರ್ಷವರ್ಷವೂ ನವೀಕರಿಸುವ ನೌಕರಿ. ಮುಂದಿನ ತಿಂಗಳು ಆ ಕಾಗದ ಇದೇ ಮೇಷ್ಟ್ರ ಸಹಿಗೆ ಬರುವುದಿತ್ತು.

ಅಷ್ಟರಲ್ಲಿ ಗಂಡನ ಫೋನು. “ಲೇ, ಕತ್ತರಿ ಎಲ್ಲಿ?”

“ಅಡುಗೆಮನೆ, ಎರಡನೇ ಡ್ರಾಯರು, ಚಾಕು ಹಿಂದೆ.”

“ಮಗಳ ನೀಲಿ ಸಾಕ್ಸು?”

“ಬೀರು, ಕೆಳಗಿನ ಖಾನೆ. ಕಣ್ಣಿಗೇನಾಗಿದೆ ನಿಮಗೆ?”

“ಎಲ್ಲಾ ನಿಂಗೊಬ್ಳಿಗೇ ಗೊತ್ತಿದ್ರೆ ನಾವೇನ್ಮಾಡೋಣ?”

ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ನನಗೊಬ್ಬಳಿಗೇ! ವಿಳಾಸವನ್ನು ಅವಳು ತನ್ನ ಖಾತೆಯ ಪಟ್ಟಿಯಲ್ಲಿ ಬರೆದಿದ್ದಳು, ಓಡಿಸಿ ನೋಡಿದ್ದೂ ಅಲ್ಲಿಂದಲೇ. ಅದರ ಕೆಳಗೇ ಇನ್ನೊಂದು ಪಟ್ಟಿ ಇರುತ್ತದೆ, ಇಡೀ ಸಿಸ್ಟಮಿನದು, ಯಾರು ಒಳಬಂದರೂ ಸಿಗುವಂಥದ್ದು. ಸೇರಿಸಬೇಕಿದ್ದುದು ಅದಕ್ಕೆ.

ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಮೊದಲ ಯಂತ್ರದಲ್ಲಿ ಸೇರಿಸಿದಳು. ಮತ್ತೆ ಅದೇ ಸಾಲು. ಆಮೇಲೆ ಹೊಳೆಯಿತು: ಮೊದಲೇ ತೆರೆದಿಟ್ಟ ಕಮಾಂಡ್ ವಿಂಡೋಗೆ ಹೊಸ ಬದಲಾವಣೆ ತಿಳಿಯುವುದಿಲ್ಲ. ಮುಚ್ಚಿ, ಮತ್ತೆ ತೆರೆದಳು. ಓಡಿತು! ಉಳಿದದ್ದು ಹತ್ತೊಂಬತ್ತು. ಹತ್ತಕ್ಕೆ ಎರಡು ನಿಮಿಷ ಇರುವಾಗ ಕೊನೆಯದೂ ಓಡಿತು.

“ಸಣ್ಣ ವಿಷ್ಯ ಅಂತ ನಾನಾಗ್ಲೇ ಹೇಳ್ಲಿಲ್ವಾ?” ಎಂದರು ಮೇಷ್ಟ್ರು. ಹೇಳಿರಲಿಲ್ಲ. ಜೀವ ಹಗುರಾಗಿದ್ದರಿಂದ ಅವಳು ನಕ್ಕು, ವಿದ್ಯಾರ್ಥಿಗಳಿಗೆ ಬಾಗಿಲು ತೆರೆದಳು.

ಸಂಜೆ ಮನೆಗೆ ಬಂದವಳೇ ಗಂಡನ ಕೈಗೆ ಹಾಳೆ, ಪೆನ್ನು ಕೊಟ್ಟಳು. “ಎಲ್ಲೆಲ್ಲಿ ಏನೇನಿದೆ ಅಂತ ಬರೆದು ಬೀರುವಿಗೆ ಅಂಟಿಸಿ.”

“ನೀನು ಹೇಳು, ಬರ್ಕೋತೀನಿ.”

“ಊಹೂಂ. ತೆಗೆದು ನೋಡಿ, ಬರೀರಿ.”

ಒಳಗೆ ಡ್ರಾಯರುಗಳನ್ನು ಎಳೆದು ತಳ್ಳುವ ಸದ್ದು. “ಅರೆ, ನಮ್ಮನೇಲಿ ಮೂರು ಕತ್ತರಿ ಇವೆ ಕಣೇ!”

ಅವಳು ಕಾಲು ಚಾಚಿ ಕೂತು, ದಿನವೂ ಆರಿಹೋಗುವ ಟೀಯನ್ನು ಬಿಸಿಬಿಸಿಯಾಗಿಯೇ ಕುಡಿದಳು.