ಕೂಸಿನ ಕಾಲ ಬಳಿ ಚಾಕು

ಗಬ್ಬೂರು ದಾಟಿದ ಮೇಲೆ ಬಸ್ಸು ಗುಂಡಿಗೆ ಬಿದ್ದು ಎದ್ದಿತು. ನನ್ನ ತೊಡೆಯ ಮೇಲಿದ್ದ ಕೈಚೀಲವನ್ನು ಹರಿದುಕೊಂಡು ಹೊಸ ಚಾಕುವಿನ ಮೊನೆ ಹೊರಗೆ ಬಂತು. ಅದರ ಪಕ್ಕದಲ್ಲೇ, ಪಕ್ಕದ ಸೀಟಿನ ತಾಯಿಯ ಮಡಿಲಲ್ಲಿ ನಿದ್ದೆ ಹೋಗಿದ್ದ ಕೂಸಿನ ಬರಿಗಾಲು!

ಚೀಲ ಎತ್ತೋಣವೆಂದರೆ ಜನ ಮೈಮೇಲೆಯೇ ವಾಲಿದ್ದರು. ಕೆಳಗಿಡೋಣವೆಂದರೆ ಅಲ್ಲೂ ಯಾರ್ಯಾರದೋ ಕಾಲು. ಬೇರೇನೂ ತೋಚದೆ ಮೊನೆಗೆ ಅಂಗೈ ಅಡ್ಡ ಹಿಡಿದೆ. ಬಸ್ಸು ಕುಲುಕಿದಾಗೆಲ್ಲ ಮೊನೆ ಅಂಗೈಗೆ ತಾಕುತ್ತಿತ್ತು.

ತಾಯಿ ನೋಡಿಬಿಟ್ಟಳು. ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವಳು ಕೂಸಿನ ಕಾಲನ್ನು ಸೆರಗಿನೊಳಗೆ ಎಳೆದುಕೊಂಡು, ತನ್ನ ಸಂತೆಚೀಲಕ್ಕೆ ಕೈ ಹಾಕಿ ಒಂದು ದಪ್ಪ ಸೌತೆಕಾಯಿ ತೆಗೆದಳು.

"ಯಕ್ಕಾ, ಮೊದ್ಲ ನಿಮ್ಮ ಕೈ ತಗೀರಿ. ಚಾಕು ಇದರಾಗ ಚುಚ್ರಿ."

ಅಲಗು ಹಿಡಿಯವರೆಗೂ ಕಾಯಿಯೊಳಗೆ ಇಳಿಯಿತು. ರಾಯಚೂರಿನಲ್ಲಿ ಇಳಿಯುವಾಗ ಕಾಯಿಯ ದುಡ್ಡು ಕೊಡಲು ಹೋದರೆ ಅವಳು ನಕ್ಕಳು: "ಮನಿ ಮುಟ್ಟೋತನಕ ಹಾಂಗ ಇರ್ಲಿ, ತಗೀಬ್ಯಾಡ್ರಿ."

ಇಷ್ಟೇ ದುಡ್ಡಲ್ಲಿ ಒಳ್ಳೆಯ ಚಾಕು ಸಿಗಬೇಕೆಂದು ದೇವದುರ್ಗದ ಅಂಗಡಿಯಲ್ಲಿ ಎಷ್ಟು ತಲೆ ತಿಂದಿದ್ದೆ! ಹಿಡಿ ಅಲುಗುವಂತಿಲ್ಲ, ಅಲಗು ಬಾಗುವಂತಿಲ್ಲ. ಕೊನೆಗೆ, ಹಳೆಯ ಪೇಪರಿನ ಹಾಳೆಯನ್ನು ಸರ್ರನೆ ಸೀಳಿದ್ದನ್ನೇ ಆರಿಸಿದ್ದೆ. ಆಮೇಲೆ ಅದನ್ನು ಅಂಥದೇ ಹಾಳೆಯಲ್ಲಿ ಸುತ್ತಿಸಿಕೊಂಡು, ನಿಶ್ಚಿಂತೆಯಾಗಿ ಬಸ್ಸು ಹತ್ತಿದ್ದೆ.