ಢೋಲಕಿ ಕಾಕಾ ಆರಿಸಿದ ಆಂಪ್

ಢೋಲಕಿ ಕಾಕಾರ ಬಿಳಿ ಪೈಜಾಮದ ಬಲ ಮೊಣಕಾಲಿನ ಮೇಲೆ ಯಾವಾಗಲೂ ಒಂದು ತೇಪೆ ಇರುತ್ತಿತ್ತು. ಢೋಲಕಿ ಉಜ್ಜಿ ಉಜ್ಜಿ ಬಟ್ಟೆ ಅಲ್ಲೇ ಸವೆಯುತ್ತಿತ್ತು. ಹೊಸದು ಹೊಲಿಸಿದರೆ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಹರಿಯುವ ಮೊದಲೇ ಅಲ್ಲೊಂದು ತೇಪೆ ಹಾಕಿಬಿಡುತ್ತಿದ್ದರು. ಕಾಕಾ ಅಂಗೈಗೆ ಪೌಡರ್ ಬಡಿದುಕೊಂಡು, ಚಪ್ಪಲಿ ಬಿಟ್ಟು ವೇದಿಕೆ ಹತ್ತುವಾಗ ಬರಿಗಾಲಿನಿಂದ ಹಲಗೆಯನ್ನು ಒತ್ತಿ ಒತ್ತಿ ನೋಡುವರು. ಭಾರ ತಾಳುತ್ತದೋ ಇಲ್ಲವೋ ಎಂದು ನೋಡುತ್ತಾರೆ ಅಂತಲೇ ನಾನು ತಿಳಿದಿದ್ದೆ. ಆಳು ನೋಡಿದರೆ ಒಣಗಿದ ಕಬ್ಬಿನ ಹಾಗೆ. ಅವರ ಭಾರಕ್ಕೆ ಯಾವ ಹಲಗೆ ಮುರಿದೀತು?

ನಾನು ಚಿಕ್ಕೋಡಿಯ ಒಂದು ಪತ್ತಿನ ಸಂಘದಲ್ಲಿ ಕ್ಯಾಶಿಯರ್. ರಜೆಯ ದಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಹೆಣ್ಣುಮಗಳು ಬೇಸ್ ನುಡಿಸುವುದೇ ನಮ್ಮ ಕಡೆ ಒಂದು ಸುದ್ದಿ; ಆಗ ನುಡಿಸಿದ್ದು ಯಾರಿಗೂ ಕೇಳಿಸದೆ ಇದ್ದದ್ದು ಇನ್ನೊಂದು ಸುದ್ದಿ. ಗಿಟಾರಿನ ಸದ್ದು ಹಿಗ್ಗಿಸುವ ನನ್ನ ಆಂಪ್ ಅಭ್ಯಾಸಕ್ಕೆಂದು ತಂದ ಸಣ್ಣದು. ಮನೆಯ ಕೋಣೆಯಲ್ಲಿ ಕಿಟಕಿ ಗಾಜು ಅದುರಿಸುತ್ತಿತ್ತು, ಬಯಲಿಗೆ ತಂದರೆ ಸೊಳ್ಳೆಯಷ್ಟೂ ಸದ್ದಿಲ್ಲ. ನಿಪ್ಪಾಣಿಯ ಕಾರ್ಯಕ್ರಮದಲ್ಲೂ ಹೀಗೇ ಆದರೆ ಬೇಸ್ ಬೇಡವೇ ಬೇಡ, ಕೀಬೋರ್ಡಿನವನ ಎಡಗೈ ಸಾಕು ಎಂದು ಆರ್ಕೆಸ್ಟ್ರಾದ ಮಾಲಕರು ಹೇಳಿಬಿಟ್ಟರು. ಅದೇ ಸಿಟ್ಟಿನಲ್ಲಿ ಕಾಕಾರ ಮೇಲೂ ಹರಿಹಾಯ್ದರು. ಇತ್ತೀಚೆಗೆ ತಾಳದ ಠೇಕಾ ಜಾರುತ್ತಿದೆ, ವಯಸ್ಸಾಯಿತು, ಇವರ ಜಾಗಕ್ಕೂ ಕರೆಂಟಿನ ಆಕ್ಟೋಪ್ಯಾಡ್ ಬಾರಿಸುವವನನ್ನು ತರಬೇಕು ಎಂದರು. ಕಾಕಾ ಅಲ್ಲೇ ಕೂತು ಪೌಡರ್ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು. ತಲೆ ಎತ್ತಿ ಎಲ್ಲರನ್ನೂ ನೋಡಿ ನಕ್ಕರು. ಎಂಥ ಸಮಾಧಾನದ ಮನುಷ್ಯ ಅಂದುಕೊಂಡೆ.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಎಷ್ಟು ಜೋರಿನ ಆಂಪ್ ತಂದರೆ ಬಯಲಿನಲ್ಲಿ ಕೇಳಿಸುತ್ತದೆ ಎಂದು ಕಂಡಕಂಡವರನ್ನು ಕೇಳಿದೆ. ಕೀಬೋರ್ಡಿನವನು ನೂರು ವ್ಯಾಟ್ ಬೇಕಾದಷ್ಟಾಯಿತು ಎಂದ. ಡ್ರಮ್ ಬಾರಿಸುವವನು ಮುನ್ನೂರಕ್ಕಿಂತ ಕಡಿಮೆ ತಂದರೆ ನನ್ನ ಪಕ್ಕಕ್ಕೆ ಬರಬೇಡ ಎಂದ. ಮೊಬೈಲಿನಲ್ಲಿ ನೋಡಿದರೆ ಒಬ್ಬ ವ್ಯಾಟ್ ಲೆಕ್ಕವೇ ಸುಳ್ಳು, ಸ್ಪೀಕರ್ ದೊಡ್ಡದಿರಬೇಕು ಎನ್ನುತ್ತಾನೆ. ಇನ್ನೊಬ್ಬ ದೊಡ್ಡ ಒಂದರ ಬದಲು ಸಣ್ಣವು ನಾಲ್ಕು ಇರಲಿ ಎನ್ನುತ್ತಾನೆ. ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲವಂತೆ. ಹಾಗಾದರೆ ಎಷ್ಟಾಗುತ್ತದೆ? ದಿನವಿಡೀ ನೋಟು ಎಣಿಸುವವಳು ನಾನು, ಇಮ್ಮಡಿ ಇಮ್ಮಡಿಯಲ್ಲ ಎಂದರೆ ತಲೆ ಕೆಡದೆ ಇರುತ್ತದೆಯೇ? ವೇದಿಕೆಯ ಎಲ್ಲ ಸದ್ದನ್ನೂ ಹದ ಮಾಡಿ ಹೊರಗೆ ಬಿಡುವ ನಮ್ಮ ಮಿಕ್ಸರಿನವನಂತೂ, ವೈರ್ ನನಗೆ ಕೊಡು, ನಾನೇ ದೊಡ್ಡ ಸ್ಪೀಕರಿಗೆ ಬಿಡುತ್ತೇನೆ, ಆಂಪೇ ಬೇಡ ಎಂದ. ಕೊಟ್ಟರೆ ಜನರಿಗೆ ಕೇಳಿಸೀತು, ವೇದಿಕೆಯ ಮೇಲೆ ನನಗೇ ನನ್ನ ಬೇಸ್ ಕೇಳಿಸದು.

ಕೊನೆಗೆ ಕಾಕಾರನ್ನು ಕೇಳಿದೆ. ಅವರು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ಯಾರೊಂದಿಗೆ ಮಾತಾಡಿದರೂ ಹಾಗೇ ದಿಟ್ಟಿಸುವುದು ಅವರ ರೂಢಿ. “ಊರಿಗೆಲ್ಲಾ ಮುಟ್ಟಸಾಕ ಮಿಕ್ಸರ್ ಐತಿ, ಯವ್ವಾ. ನಿನ್ನ ಆಂಪ್ ನನ್ನ ಮಟಾ ಬಂದ್ರ ಸಾಕು. ನಡಿ, ನಾನೂ ಬರ್ತೀನಿ” ಎಂದರು.

ನಿಪ್ಪಾಣಿಯ ಅಂಗಡಿಯಲ್ಲಿ ಅವರು ಮಾಡಿದ್ದನ್ನು ನೋಡಿ ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅಂಗಡಿಯ ನೆಲ ಹೊಳೆಯುವ ಫರಸಿ ಕಲ್ಲಿನದು. ಕಾಕಾ ಅದರ ಮೇಲೆ ಅಂಗೈ ಇಟ್ಟು ನೋಡಿ ಇದು ಆಗದೆಂದು ತಲೆಯಾಡಿಸಿ, ಒಂದು ಕಟ್ಟಿಗೆಯ ಹಲಗೆ ಬೇಕೆಂದರು. ಅಂಗಡಿಯವನಿಗೆ ಇವರು ಆಂಪ್ ಕೊಳ್ಳಲು ಬಂದವರೋ ಊಟಕ್ಕೆ ಕೂಡಲು ಬಂದವರೋ ತಿಳಿಯಲಿಲ್ಲ. ಗೋಡೌನಿನಿಂದ ಒಂದು ಹಳೆಯ ಬಾಗಿಲು ತರಿಸಿ, ನಾಲ್ಕೂ ಮೂಲೆಗೆ ಇಟ್ಟಂಗಿ ಕೊಟ್ಟು ಹಾಸಿದ. ಅದರ ಒಂದು ತುದಿಗೆ ಆಂಪ್, ಇನ್ನೊಂದು ತುದಿಗೆ ನಮಗೆ ಬೆನ್ನು ಮಾಡಿ ಚಕ್ಕಳಮಕ್ಕಳ ಹಾಕಿದ ಕಾಕಾ.

ಅಂಗಡಿಯವನು ಮೊದಲು ತನ್ನಲ್ಲಿದ್ದ ಎಲ್ಲಕ್ಕಿಂತ ಜೋರಿನದನ್ನು ಹಚ್ಚಿದ. ನಾನು ತಂತಿ ಮೀಟಿದೆ. ಕಪಾಟಿನ ಮೇಲಿನ ಮೈಕುಗಳು ಗಡಗಡ ಎಂದವು. ಕಾಕಾ ಅಲುಗಲಿಲ್ಲ. “ಬರ್ಲಿಲ್ಲ” ಎಂದರು. ಅಂಗಡಿಯವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇನ್ನೊಂದು ಇಟ್ಟ, ಅದೂ ಬರಲಿಲ್ಲ. ಆಮೇಲೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಒಂದೇ ದೊಡ್ಡ ಸ್ಪೀಕರಿನ, ಇಬ್ಬರು ಎತ್ತಬೇಕಾದ ಗುಡಾಣದಂಥ ಒಂದು ಆಂಪನ್ನು ತಂದಿಟ್ಟರು. ವ್ಯಾಟಿನಲ್ಲಿ ಅದು ಮೊದಲಿನದಕ್ಕಿಂತ ಎಷ್ಟೋ ಕಡಿಮೆ. ಮೀಟಿದೆ. ಕಾಕಾರ ಬಲಗೈ ತಾನಾಗಿ ಮೇಲೆದ್ದು ತೇಪೆಯ ಮೇಲೆ ಠೇಕಾ ಹಿಡಿಯಿತು.

“ಬಂತು” ಎಂದರು.

ಅದನ್ನೇ ಕೊಂಡೆ. ಯಾಕೆ ಕೊಂಡೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದರೂ ಹೊಳೆಯಲಿಲ್ಲ.

ನಿಪ್ಪಾಣಿಯ ಕಾರ್ಯಕ್ರಮದ ಸಂಜೆ ನನ್ನ ಗಿಟಾರಿನ ಒಂದು ವೈರ್ ಮಿಕ್ಸರಿಗೂ ಹೋಯಿತು. ಆಂಪನ್ನು ಮಾತ್ರ ಕಾಕಾ ಹೇಳಿದಂತೆ ಅವರ ಬೆನ್ನ ಹಿಂದೆ, ಹಲಗೆಯ ಮೇಲೆಯೇ ಇಟ್ಟೆವು. ಮುಗಿದ ಮೇಲೆ ಮಾಲಕರು ಖುಷಿಯಾಗಿ ಬಂದರು. ನನ್ನನ್ನು ಹೊಗಳುತ್ತಾರೆಂದು ನಿಂತಿದ್ದೆ. ಅವರು ಕಾಕಾರ ಬೆನ್ನು ತಟ್ಟಿ, ಹಳೆಯ ಕೈ ತಿರುಗಿ ಬಂತು ಎಂದು ಹೇಳಿ ನನ್ನ ಕಡೆ ನೋಡಿ, ನೀನೂ ಇರು ಎಂದರು. ಬೇಸ್ ಕೇಳಿಸಿತೋ ಇಲ್ಲವೋ ಹೇಳಲೇ ಇಲ್ಲ. ಆಂಪ್ ತಂದವಳು ನಾನು, ಸುಧಾರಿಸಿದ್ದು ಢೋಲಕಿ. ಇದೆಂಥ ಲೆಕ್ಕ?

ಮುಂದಿನ ಕಾರ್ಯಕ್ರಮ ರಾಯಬಾಗದಲ್ಲಿ. ಹಲಗೆ ಬಹಳ ಗುಂಯ್ಗುಡುತ್ತದೆ ಎಂದು ಮಿಕ್ಸರಿನವನು ಆಂಪನ್ನು ಕೆಳಗಿಳಿಸಿ, ವೇದಿಕೆಯ ಹಿಂದಿನ ಕಲ್ಲಿನ ಕಟ್ಟೆಯ ಮೇಲೆ ಇರಿಸಿದ. ಕೇಳಲು ನಿಜವಾಗಿಯೂ ಸ್ವಚ್ಛವಾಯಿತು. ಎರಡನೆಯ ಹಾಡಿನಲ್ಲೇ ಕಾಕಾರ ಠೇಕಾ ತಪ್ಪಿತು. ಮೂರನೆಯದರಲ್ಲಿ ಗಾಯಕಿ ತಿರುಗಿ ನೋಡಿದಳು. ಕಾಕಾ ಹಲಗೆಯ ಮೇಲೆ ಅಂಗೈ ಇಟ್ಟರು, ಅಲ್ಲಿ ಇಲ್ಲಿ ತಡಕಾಡಿದರು, ಕತ್ತಲಲ್ಲಿ ಕನ್ನಡಕ ಹುಡುಕುವವರ ಹಾಗೆ. ಹಾಡು ಮುಗಿದದ್ದೇ ಎದ್ದು ಹೋಗಿ ಆ ಗುಡಾಣವನ್ನು ಒಬ್ಬರೇ ಎತ್ತಲು ಹೊರಟರು. ನಾನೂ ಓಡಿ ಕೈ ಹಚ್ಚಿದೆ. ಜನರ ಮುಂದೆ ಇದೇನು ಹಟ ಎಂದು ನನಗೆ ವಿಪರೀತ ಸಿಟ್ಟು ಬಂದಿತ್ತು. ಆದರೆ ಆಂಪ್ ಹಲಗೆಗೆ ಬಂದ ಮೇಲೆ ಢೋಲಕಿ ಎಲ್ಲಿಯೂ ತಪ್ಪಲಿಲ್ಲ.

ಮರುದಿನ ಜಗಳ ತೆಗೆಯಲೆಂದೇ ಏಕಸಂಬಿಗೆ, ಅವರ ಮನೆಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಂಚದ ಮೇಲೆ ಕೂತು ಢೋಲಕಿಯ ಹಗ್ಗ ಬಿಗಿಯುತ್ತಿದ್ದರು. ಬಾಗಿಲಲ್ಲಿ ನಿಂತು ಜೋರಾಗಿಯೇ ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಒಳಗಿನಿಂದ ಕಾಕು ಚಹಾ ತಂದರು, ಬೆರಳ ಗೆಣ್ಣಿನಿಂದ ಮಂಚದ ಕಾಲು ಬಡಿದರು. ಕಾಕಾ ಥಟ್ಟನೆ ತಿರುಗಿ, ನನ್ನನ್ನು ಕಂಡು ಬಾಯಿತುಂಬ ನಕ್ಕರು.

ನಾನು ಆ ಮಂಚದ ಕಾಲನ್ನೇ ನೋಡಿದೆ. ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಾಕು ಹೇಳಿದರು: “ಕಿವಿ ಹೋಗ್ಯಾವ. ಎದುರಿಗೆ ನಿಂತ್ರ ತುಟಿ ನೋಡಿ ತಿಳಕೊತಾರ. ಮಾಲಕರಿಗೆ ಹೇಳಬ್ಯಾಡ, ಯವ್ವಾ. ಢೋಲಕಿ ಬಿಡಿಸಿದ್ರ ಅವರ ಜೀವಾನ ಹೋಗ್ತೈತಿ.”

ನಾನು ಹೇಳಲಿಲ್ಲ. ಜಗಳವನ್ನೂ ತೆಗೆಯಲಿಲ್ಲ. ಅಲ್ಲಿಂದಾಚೆ ಅಥಣಿ ಇರಲಿ, ಕಾಗವಾಡ ಇರಲಿ, ಮಿಕ್ಸರಿನವನು ಎಷ್ಟು ಗೊಣಗಿದರೂ ಆಂಪ್ ಹಲಗೆ ಬಿಟ್ಟು ಇಳಿಯಲಿಲ್ಲ. ಸಿಮೆಂಟಿನ ವೇದಿಕೆ ಇದ್ದಲ್ಲಿಗೆ ನಾನೇ ಒಂದು ಹಲಗೆ ಹೊರಿಸಿಕೊಂಡು ಹೋಗುತ್ತಿದ್ದೆ. ಬೇಸಿನವಳಿಗೆ ತಲೆ ಕೆಟ್ಟಿದೆ ಎಂದು ಎಲ್ಲರೂ ನಗುತ್ತಿದ್ದರು. ಕಾಕಾ ಮಾತ್ರ ನಗುತ್ತಿರಲಿಲ್ಲ. ಮೊದಲ ಸ್ವರ ಮೀಟಿದಾಗ ತಲೆ ತಿರುಗಿಸದೆಯೇ ಒಂದು ಬೆರಳು ಎತ್ತುತ್ತಿದ್ದರು. ನಾನು ಯಾರ ಚಪ್ಪಾಳೆಗಾಗಿಯೂ ಅಷ್ಟು ಕಾದವಳಲ್ಲ.

ಕಳೆದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ಕಣ್ಣು ಮುಚ್ಚಿ ಮಲಗಿದ್ದರು. ಕಾಕು ಹಣೆಯ ಮೇಲೆ ಕೈ ಇಟ್ಟರೂ ತೆರೆಯಲಿಲ್ಲ. ಏನು ಮಾಡಬೇಕೋ ತಿಳಿಯದೆ ನಾನು ಮಂಚದ ಪಕ್ಕ ನೆಲಕ್ಕೆ ಕೂತೆ. ಮಾತಾಡಿದರೆ ತುಟಿ ನೋಡುವ ಕಣ್ಣೇ ಮುಚ್ಚಿದೆ. ಕೊನೆಗೆ ಮಂಚದ ಅಡ್ಡಪಟ್ಟಿಯ ಮೇಲೆ, ನಿಪ್ಪಾಣಿಯ ಅಂಗಡಿಯಲ್ಲಿ ಮೀಟಿದ ಆ ತಾಳದ ನಡೆಯನ್ನೇ ಬೆರಳಿನಿಂದ ಬಡಿದೆ, ಮೆಲ್ಲಗೆ.

ಆಂಪಿಲ್ಲ, ವ್ಯಾಟಿಲ್ಲ, ಪಕ್ಕದ ಕೋಣೆಗೂ ಕೇಳಿಸುವ ಸದ್ದಲ್ಲ ಅದು. ಹೊದಿಕೆಯ ಒಳಗೆ ಅವರ ಬಲಗೈ ಅಲುಗಿತು.

“ಬಂತು, ಯವ್ವಾ” ಎಂದರು.